ಕಳ್ಳ ಬಂದಾಗ ಒನಕೆ ಬೇಕಾ, ಬುದ್ಧಿ ಬೇಕಾ?

ಚಿತ್ರದುರ್ಗ ಜಿಲ್ಲೆ ಅಂತ ಹೇಳಿದ ಕೂಡಲೇ ಬೆಂಗಳೂರಿನ ಆಫೀಸಿನಲ್ಲಿ ಕೇಳಿಬರುವ ಮೊದಲ ಮಾತು ಒಂದೇ: "ಓ, ಓಬವ್ವನ ಊರಾ!" ಕೆಲವರು ಒನಕೆ ಎತ್ತಿದ ಹಾಗೆ ಕೈಯನ್ನೂ ಎತ್ತುತ್ತಾರೆ. ನಮ್ಮೂರು ದುರ್ಗ ಅಲ್ಲ, ಹೊಸದುರ್ಗ ತಾಲ್ಲೂಕಿನ ಮತ್ತೋಡು, ಹೋಬಳಿ ಕೇಂದ್ರ, ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಊರು ಅಂತ ಬಿಡಿಸಿ ಹೇಳುವಷ್ಟರಲ್ಲಿ ಕಾಫಿ ಬ್ರೇಕ್ ಮುಗಿದಿರುತ್ತದೆ.

ಓಬವ್ವ ಅಂದರೆ ಎಲ್ಲರಿಗೂ ನೆನಪಾಗುವುದು ಒನಕೆ. ನನ್ನನ್ನು ಈಚೆಗೆ ಕಾಡುತ್ತಿರುವುದು ಮಾತ್ರ ಆ ಕಿಂಡಿ. ಅದಕ್ಕೆ ಕಾರಣ ಇದೆ. ಅಪ್ಪ ಹೋದ ಮೇಲೆ ಊರಿನ ಮನೆಯಲ್ಲಿ ಅವ್ವ ಒಬ್ಬಳೇ. ಹಳೇ ಹೆಂಚಿನ ಮನೆ, ಹಿಂದೆ ಹಿತ್ತಲು, ಅದರಾಚೆ ತೆಂಗಿನ ತೋಟ. ಬೆಂಗಳೂರಿಗೆ ಬಾ ಅಂದರೆ "ತೋಟಕ್ಕೆ ನೀರು ಯಾರು ಬಿಡ್ತಾರೆ?" ಅಂತಾಳೆ. ರಾತ್ರಿ ಹನ್ನೊಂದಕ್ಕೆ ಯಾವುದೋ ದೇಶದವರ ಜತೆ ಮೀಟಿಂಗ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವಾಗ ನನಗೆ ಬರುವ ಯೋಚನೆ ಒಂದೇ: ಈಗ ಅವ್ವನ ಹಿತ್ತಲ ಬಾಗಿಲನ್ನು ಯಾರಾದರೂ ತಳ್ಳಿದರೆ?

ಈ ಯೋಚನೆ ನನ್ನೊಬ್ಬನದಲ್ಲ. ಇದನ್ನು ಫೋನಿನಲ್ಲಿ ಓದುತ್ತಿರುವ ಅರ್ಧ ಜನರ ಅಪ್ಪ ಅಮ್ಮ ಊರಲ್ಲಿದ್ದಾರೆ, ಇನ್ನರ್ಧ ಜನ ಪಿಜಿಯಲ್ಲೋ ಬಾಡಿಗೆ ಮನೆಯಲ್ಲೋ ಒಂಟಿಯಾಗಿದ್ದಾರೆ. "ಸಮಯಕ್ಕೆ ತಕ್ಕ ಬುದ್ಧಿ ಬೇಕು" ಅಂತ ನಾವೆಲ್ಲ ಸುಲಭವಾಗಿ ಹೇಳುತ್ತೇವೆ. ಆ ಬುದ್ಧಿ ಆ ಸಮಯಕ್ಕೆ ಎಲ್ಲಿಂದ ಬರುತ್ತದೆ ಅನ್ನುವುದೇ ನನ್ನ ಪ್ರಶ್ನೆ.

ನೀರಿಗೆ ಹೋದವಳ ಕಿವಿ

ಓಬವ್ವನ ಕಥೆ ದಾಖಲೆಗಳಿಗಿಂತ ಹೆಚ್ಚಾಗಿ ಜನರ ಬಾಯಲ್ಲಿ ಉಳಿದು ಬಂದದ್ದು. ನಮ್ಮ ತಲೆಮಾರಿಗೆ ಅದು ಕಣ್ಣಿಗೆ ಕಟ್ಟಿದ್ದು ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' ಸಿನಿಮಾದಿಂದ. ಓಬವ್ವ ಅಂದರೆ ಇವತ್ತಿಗೂ ಜಯಂತಿಯವರ ಮುಖವೇ ಎದುರಿಗೆ ಬರುತ್ತದೆ. 2021ರಿಂದ ನವೆಂಬರ್ 11ರಂದು ಸರ್ಕಾರ ಓಬವ್ವ ಜಯಂತಿಯನ್ನೂ ಆಚರಿಸುತ್ತಿದೆ.

ಕಥೆ ನಡೆದದ್ದು ಹದಿನೆಂಟನೇ ಶತಮಾನದಲ್ಲಿ, ದುರ್ಗದ ಕೊನೆಯ ದೊರೆ ಮದಕರಿ ನಾಯಕನ ಕಾಲಕ್ಕೆ. ಹೈದರಾಲಿ ಒಂದಕ್ಕಿಂತ ಹೆಚ್ಚು ಸಲ ಮುತ್ತಿಗೆ ಹಾಕಿದರೂ ಏಳು ಸುತ್ತಿನ ಕೋಟೆ ಬಗ್ಗಿರಲಿಲ್ಲ. ಬಂಡೆಗಳ ನಡುವೆ ಒಬ್ಬ ಮನುಷ್ಯ ಕಷ್ಟಪಟ್ಟು ನುಸುಳುವಷ್ಟು ಒಂದು ಸಂದು ಇತ್ತು. ಅದರಲ್ಲಿ ಒಬ್ಬ ಹೆಂಗಸು ಹೋಗಿ ಬರುವುದು ಹೈದರನ ಕಡೆಯವರ ಕಣ್ಣಿಗೆ ಬಿತ್ತು. ಆ ದಾರಿಯಲ್ಲೇ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕಳಿಸುವುದು ಅಂತ ತೀರ್ಮಾನ ಆಯಿತು.

ಅಲ್ಲಿ ಕಾವಲಿದ್ದವನು ಓಬವ್ವನ ಗಂಡ, ಕಹಳೆಯ ಮುದ್ದಹನುಮ. ಅವನು ಊಟಕ್ಕೆ ಮನೆಗೆ ಬಂದಿದ್ದ. ಓಬವ್ವ ನೀರು ತರಲು ಹೋದಳು. ಕಿಂಡಿಯ ಕಡೆಯಿಂದ ಪಿಸುಮಾತು ಕೇಳಿಸಿತು. ಮುಂದಿನದು ಎಲ್ಲರಿಗೂ ಗೊತ್ತು: ಒನಕೆ ಹಿಡಿದು ಸಂದಿಯ ಪಕ್ಕ ನಿಂತಳು, ತಲೆ ತೂರಿಸಿದವನಿಗೆ ಒಂದೇಟು, ಹೆಣ ಪಕ್ಕಕ್ಕೆ, ಮತ್ತೆ ಮುಂದಿನವನು. ಗಂಡ ಬಂದು ನೋಡಿ ಕಹಳೆ ಊದಿದ, ಕೋಟೆಯ ಸೈನ್ಯ ಓಡಿ ಬಂತು.

ಇದನ್ನು ಧೈರ್ಯದ ಕಥೆ ಅಂತ ಸ್ಕೂಲಿನಲ್ಲಿ ಹೇಳಿಕೊಟ್ಟರು. ಧೈರ್ಯ ಸುಳ್ಳಲ್ಲ. ಆದರೆ ದಿನವಿಡೀ ಸಿಸ್ಟಮ್‌ಗಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ ಅಂತ ಹುಡುಕುವ ಕೆಲಸ ಮಾಡುವ ನನಗೆ ಕಾಣುವುದು ಬೇರೆ.

ಮೊದಲನೆಯದು, ಅವಳಿಗೆ ಆ ಸದ್ದು ಕೇಳಿಸಿತು. ದಿನಾ ನೀರಿಗೆ ಬರುವವಳಿಗೆ ಆ ಜಾಗದ ಗಾಳಿ, ಹಕ್ಕಿ, ನೀರಿನ ಸದ್ದು ಹೇಗಿರುತ್ತದೆ ಅಂತ ಗೊತ್ತಿತ್ತು. ಅದಕ್ಕೇ ಇವತ್ತಿನ ಸದ್ದು ಬೇರೆ ಅಂತ ತಿಳಿಯಿತು. ಹೊಸಬರಾಗಿದ್ದರೆ ಕೊಡ ತುಂಬಿಸಿಕೊಂಡು ಹೋಗಿಬಿಡುತ್ತಿದ್ದರು.

ಎರಡನೆಯದು, ಹೊರಗೆ ಸಾವಿರ ಜನ ಇರಲಿ, ಕಿಂಡಿಯೊಳಗೆ ಒಂದು ಸಲಕ್ಕೆ ಒಬ್ಬನೇ ಬರಬೇಕು. ನಮ್ಮ ಭಾಷೆಯಲ್ಲಿ ಹೇಳಿದರೆ ಸಿಂಗಲ್ ಥ್ರೆಡ್. ಇಡೀ ಸೈನ್ಯವನ್ನು ಅವಳು ಎದುರಿಸಲಿಲ್ಲ, ಒಬ್ಬೊಬ್ಬನನ್ನೇ ಎದುರಿಸಿದಳು.

ಮೂರನೆಯದು, ಹೆಣವನ್ನು ಪಕ್ಕಕ್ಕೆ ಎಳೆದದ್ದು. ಮುಂದೆ ಹೋದವನಿಗೆ ಏನಾಯಿತು ಅನ್ನುವ ಸುದ್ದಿ ಹಿಂದಿನವನಿಗೆ ಮುಟ್ಟಲಿಲ್ಲ. ಎರರ್ ಮೆಸೇಜ್ ವಾಪಸ್ ಹೋಗದಿದ್ದರೆ ಕ್ಯೂ ನಿಲ್ಲುವುದಿಲ್ಲ!

ನಾಲ್ಕನೆಯದು ಒನಕೆ. ಅವಳು ಆಯುಧ ಹುಡುಕಲು ಹೋಗಲಿಲ್ಲ. ದಿನಾ ಕುಟ್ಟಿ ಕುಟ್ಟಿ ಅದರ ತೂಕ ಕೈಗೆ ಗೊತ್ತಿತ್ತು.

ಈ ನಾಲ್ಕರಲ್ಲಿ ಯಾವುದೂ ಆ ಕ್ಷಣದಲ್ಲಿ ಆಕಾಶದಿಂದ ಉದುರಿದ್ದಲ್ಲ. ತನ್ನ ಮನೆ, ತನ್ನ ದಾರಿ, ತನ್ನ ಕೈಯ ಸಾಮಾನು ಅವಳಿಗೆ ಮೊದಲೇ ಗೊತ್ತಿತ್ತು. ನಾವು ಸಮಯಸ್ಫೂರ್ತಿ ಅಂತ ಕರೆಯುವುದು ಬಹುಪಾಲು ಇದನ್ನೇ. ಹೊರಗಿನವರ ಕಣ್ಣಿಗೆ ಥಟ್ಟನೆ ಹೊಳೆದ ಹಾಗೆ ಕಾಣುತ್ತದೆ, ಒಳಗೆ ವರ್ಷಗಟ್ಟಲೆ ಕೂಡಿಟ್ಟ ತಿಳಿವಳಿಕೆ ಇರುತ್ತದೆ.

ಕೊಟ್ಟಿಗೆಯಲ್ಲಿ ಇಲ್ಲದ ಎಮ್ಮೆ

ಆದರೆ ಮನೆಗೆ ಬರುವ ಕಳ್ಳ ಹೈದರನ ಸೈನಿಕ ಅಲ್ಲ. ಅವನನ್ನು ಕೊಲ್ಲುವುದು ನಮ್ಮ ಕೆಲಸವೂ ಅಲ್ಲ. ಹಾಗಾದರೆ ಏನು ಮಾಡಬೇಕು? ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉತ್ತರ ನಮ್ಮಜ್ಜಿಯದು.

ನಮ್ಮ ಕಡೆ ಕಳ್ಳರು ಬಂಗಾರಕ್ಕೇ ಬರಬೇಕು ಅಂತಿಲ್ಲ. ಪಂಪ್‌ಸೆಟ್ಟಿನ ಕೇಬಲ್‌ಗೆ ಬರುತ್ತಾರೆ, ಮೋಟರಿಗೆ ಬರುತ್ತಾರೆ, ಕೊಬ್ಬರಿಗೆ ಬರುತ್ತಾರೆ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡಬೇಕು. ಅಂದರೆ ವರ್ಷದ ದುಡಿಮೆ ಪೂರ್ತಿ ತಲೆಯ ಮೇಲೆ, ಹೆಂಚಿನ ಕೆಳಗೆ ಇರುತ್ತದೆ. ಬ್ಯಾಂಕ್ ಲಾಕರ್ ಅಲ್ಲ, ಹೆಂಚು. ಸರಿಸಿದರೆ ಸರಿಯುತ್ತದೆ.

ನಾನಿನ್ನೂ ತೊಟ್ಟಿಲಲ್ಲಿದ್ದಾಗ ನಡೆದದ್ದಂತೆ. ಅಪ್ಪ ಯಾವುದೋ ಮದುವೆಗೆ ಪರ ಊರಿಗೆ ಹೋಗಿದ್ದ. ಮನೆಯಲ್ಲಿ ಅಜ್ಜಿ, ಅವ್ವ, ನಾನು. ಕರೆಂಟ್ ಇಲ್ಲ. ನಡುರಾತ್ರಿ ಮೇಲೆ ಹೆಂಚು ಸರಿಸುವ ಸದ್ದು. ಅವ್ವನಿಗೆ ಕೈಕಾಲು ಆಡಲಿಲ್ಲ. ನನ್ನನ್ನು ಎತ್ತಿ ಎದೆಗೆ ಅವುಚಿಕೊಂಡು ಗೋಡೆಗೆ ಅಂಟಿ ಕೂತಳಂತೆ, ನಾನು ಅತ್ತುಬಿಟ್ಟರೆ ಅಂತ ಬಾಯಿ ಮುಚ್ಚಿ ಹಿಡಿಯಲೋ ಬೇಡವೋ ಅಂತ ಗೊತ್ತಾಗದೆ. ಈಗಲೂ ಅದನ್ನು ಹೇಳುವಾಗ ಅವ್ವ ನನ್ನ ಮುಖ ನೋಡುವುದಿಲ್ಲ.

ಅಜ್ಜಿ ಎದ್ದು ಕೂತಳು. ಗಂಟಲು ಸರಿ ಮಾಡಿಕೊಂಡು, ನಿದ್ದೆಗಣ್ಣಲ್ಲಿ ಬೈಯುವವರ ಹಾಗೆ ಜೋರಾಗಿ ಶುರು ಮಾಡಿದಳು:

"ಏಳ್ರೋ, ಎಮ್ಮೆ ಹಗ್ಗ ಕಿತ್ಕಂಡೈತೆ! ದೊಡ್ಡೋನೆ, ಬ್ಯಾಟ್ರಿ ತಗಂಡು ಹಿತ್ಲಿಗೆ ಹೋಗು. ನಿಮ್ಮ ಮಾವನ್ನೂ ಎಬ್ಬಿಸ್ಕೋ, ಒಬ್ಬನ ಕೈಲಿ ಆಗಲ್ಲ. ಏ ಸಣ್ಣೋನೆ, ನೀನು ಮುಂದಿನ ಬಾಗ್ಲಿಂದ ಸುತ್ತಾಕ್ಕಂಡು ಬಾರೋ!"

ಹೇಳುತ್ತಲೇ ಕೈಗೆ ಸಿಕ್ಕಿದ ಚೊಂಬನ್ನು ನೆಲಕ್ಕೆ ಉರುಳಿಸಿದಳು, ಒಳಬಾಗಿಲ ಚಿಲಕವನ್ನು ಎರಡು ಸಲ ಎಳೆದು ಸದ್ದು ಮಾಡಿದಳು. ಮನೆ ತುಂಬ ಗಂಡಸರು ಏಳುತ್ತಿದ್ದಾರೆ ಅನ್ನಿಸುವ ಹಾಗೆ. ಮೇಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಯಾರೋ ದೊಪ್ಪನೆ ಧುಮುಕಿದ್ದು ಕೇಳಿಸಿತು, ಆಮೇಲೆ ತೋಟದ ಕಡೆ ಓಡುವ ಹೆಜ್ಜೆ. ಬೆಳಿಗ್ಗೆ ನೋಡಿದರೆ ನಾಲ್ಕು ಹೆಂಚು ಪಕ್ಕಕ್ಕೆ ಸರಿದಿದ್ದವು. ಕೊಬ್ಬರಿ ಒಂದೂ ಹೋಗಿರಲಿಲ್ಲ.

ದೊಡ್ಡೋನು, ಸಣ್ಣೋನು, ಮಾವ ಯಾರೂ ಮನೆಯಲ್ಲಿ ಇರಲಿಲ್ಲ. ಆ ವರ್ಷ ಕೊಟ್ಟಿಗೆಯಲ್ಲಿ ಎಮ್ಮೆಯೂ ಇರಲಿಲ್ಲ!

ದೊಡ್ಡವನಾದ ಮೇಲೆ ನಾನು ಅಜ್ಜಿಯನ್ನು ಕೇಳಿದ್ದೆ, ಕಳ್ಳ ಕಳ್ಳ ಅಂತ ಯಾಕೆ ಕೂಗಲಿಲ್ಲ ಅಂತ. ಅವಳ ಉತ್ತರ ಅವ್ವನಿಗೂ ನನಗೂ ಬಾಯಿಪಾಠ:

"ಕಳ್ಳ ಅಂತ ಕೂಗಿದ್ರೆ ಸಿಕ್ಕಿಬಿದ್ದೆ ಅಂತ ಅವನ ಎದೆ ಒಡೀತದೆ. ಹೆದರಿದೋನು ಕೈಗೆ ಸಿಕ್ಕಿದ್ರಲ್ಲಿ ಹೊಡೀತಾನೆ. ಎಮ್ಮೆ ಅಂದ್ರೆ, ಇನ್ನೂ ನನ್ನ ನೋಡಿಲ್ಲ ಅಂದ್ಕಂಡು ಅವನ ಪಾಡಿಗೆ ಅವನು ಹೋಗ್ತಾನೆ. ನಮಗೆ ಬೇಕಾಗಿದ್ದು ಅವನಲ್ಲ ಮಗಾ, ಅವನು ಹೋಗೋದು."

ಎಮ್ಮೆ ಇಲ್ಲ ಅಂತ ಗೊತ್ತಿರುವ ಊರಿನವನೇ ಆಗಿದ್ದರೆ ಅಂತ ನಾನು ಬಿಡದೆ ಕೇಳಿದೆ. "ಹಂಗಾದ್ರೆ ಇನ್ನೂ ಜಲ್ದಿ ಓಡ್ತಾನೆ. ಇವಳು ಬೇಕಂತಲೇ ಹಿಂಗೆ ಕೂಗ್ತಾ ಅವಳೆ, ನಾನು ಯಾರು ಅಂತ ಗೊತ್ತಾಗೈತೆ ಅಂತ!"

ಓಬವ್ವ ದಾರಿ ಮುಚ್ಚಿದಳು, ನಮ್ಮಜ್ಜಿ ದಾರಿ ಬಿಟ್ಟಳು. ಎದುರಿಗಿರುವವನು ಯಾರು, ಅವನಿಗೆ ಏನು ಬೇಕು ಅನ್ನುವುದರ ಮೇಲೆ ಯಾವುದು ಜಾಣತನ ಅನ್ನುವುದು ನಿಲ್ಲುತ್ತದೆ. ಕೋಟೆ ಹಿಡಿಯಲು ಬಂದವನು ತಾನಾಗಿ ಹಿಂದಿರುಗುವುದಿಲ್ಲ. ಕೊಬ್ಬರಿಗೆ ಬಂದವನು ಹೋಗಲು ಒಂದು ನೆಪ ಸಿಕ್ಕಿದರೆ ಸಾಕು, ಹೋಗುತ್ತಾನೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತ ಗಾದೆಯೇ ಇದೆಯಲ್ಲ.

ತೆನಾಲಿ ರಾಮನ ಕಥೆ ನೆನಪಿರಬಹುದು. ಹಿತ್ತಲಲ್ಲಿ ಕಳ್ಳರು ಅಡಗಿದ್ದಾರೆ ಅಂತ ಗೊತ್ತಾಗಿ, ಅವರಿಗೆ ಕೇಳುವ ಹಾಗೆ "ಒಡವೆಯನ್ನೆಲ್ಲ ಪೆಟ್ಟಿಗೆಗೆ ತುಂಬಿ ಬಾವಿಗೆ ಹಾಕೋಣ" ಅಂತ ಹೆಂಡತಿಗೆ ಹೇಳುತ್ತಾನೆ. ಪೆಟ್ಟಿಗೆಯಲ್ಲಿ ಬರೀ ಕಲ್ಲು. ಕಳ್ಳರು ರಾತ್ರಿಯೆಲ್ಲ ಬಾವಿಯ ನೀರು ಸೇದಿ ಸೇದಿ ಹೊರಗೆ ಚೆಲ್ಲುತ್ತಾರೆ, ತೋಟಕ್ಕೆಲ್ಲ ನೀರು ಹರಿಯುತ್ತದೆ. ನಮ್ಮಜ್ಜಿ ಆ ಕಥೆ ಓದಿದವಳಲ್ಲ, ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಉಪಾಯ ಒಂದೇ: ಕಳ್ಳನ ಜತೆ ನೇರವಾಗಿ ಮಾತಾಡಬೇಡ, ಅವನು ಕದ್ದು ಕೇಳುವ ಹಾಗೆ ಮಾತಾಡು. ತಾನೇ ಕೇಳಿಸಿಕೊಂಡದ್ದನ್ನು ಅವನು ಬೇಗ ನಂಬುತ್ತಾನೆ.

ಹೊಡೆಯಬಹುದಾ? ಎಲ್ಲಿಯವರೆಗೆ?

ಈ ವಿಷಯ ಮಾತಾಡುವಾಗ ಸ್ನೇಹಿತರಲ್ಲಿ ಒಬ್ಬ ಇದ್ದೇ ಇರುತ್ತಾನೆ: "ನಮ್ಮನೆಗೆ ಬಂದ್ರೆ ಕೈಕಾಲು ಮುರಿದು ಕಂಬಕ್ಕೆ ಕಟ್ತೀನಿ ಗುರೂ." ಅವನಿಗಾಗಿ ಕಾನೂನಿನ ನಾಲ್ಕು ಮಾತು.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಅದರಲ್ಲಿ 34ರಿಂದ 44ನೇ ಸೆಕ್ಷನ್‌ವರೆಗೆ ಇದೆ. ನಮ್ಮ ಜೀವವನ್ನೂ ಆಸ್ತಿಯನ್ನೂ ಕಾಪಾಡಿಕೊಳ್ಳುವ ಹಕ್ಕು ನಮಗಿದೆ. ಬೇರೆಯವರ ಜೀವ, ಆಸ್ತಿ ಕಾಪಾಡಲೂ ಅದು ಅನ್ವಯಿಸುತ್ತದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆಗೆ ಕನ್ನ ಹಾಕಿ ನುಗ್ಗುವುದನ್ನು ಕಾನೂನು ತುಂಬಾ ಗಂಭೀರವಾಗಿ ನೋಡುತ್ತದೆ, ಅಂಥ ಹೊತ್ತಿನಲ್ಲಿ ಈ ಹಕ್ಕಿನ ವ್ಯಾಪ್ತಿಯೂ ದೊಡ್ಡದು.

ಕನ್ನ ಅಂದರೆ ಈಗ ಗೋಡೆ ಕೊರೆಯುವುದು ಮಾತ್ರ ಅಲ್ಲ. 330ನೇ ಸೆಕ್ಷನ್ ಪ್ರಕಾರ ಬೀಗ ತೆಗೆದು ನುಗ್ಗುವುದು, ಗೋಡೆ ಏರಿ ಬರುವುದು, ಮನುಷ್ಯರು ಓಡಾಡಲೆಂದು ಮಾಡಿರದ ದಾರಿಯಲ್ಲಿ ತೂರಿ ಬರುವುದು ಎಲ್ಲವೂ ಅದರಲ್ಲಿ ಸೇರುತ್ತದೆ. ಓಬವ್ವನ ಕಿಂಡಿಯೂ ಅಂಥದ್ದೇ, ನಮ್ಮ ಮನೆಯ ಹೆಂಚೂ ಅಂಥದ್ದೇ.

ಆದರೆ ಹಕ್ಕಿಗೆ ಗಡಿ ಇದೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಅಂತ 37ನೇ ಸೆಕ್ಷನ್ ಹೇಳುತ್ತದೆ. ರಾತ್ರಿ ನುಗ್ಗಿದವನ ವಿರುದ್ಧದ ಈ ಹಕ್ಕು ಅವನು ಮನೆಯೊಳಗೆ ಇರುವವರೆಗೆ. ಬರಿಗೈಯಲ್ಲಿ ಓಡಿಹೋಗುತ್ತಿರುವವನನ್ನು ಬೆನ್ನಟ್ಟಿ ತೋಟದಲ್ಲಿ ಕೆಡವಿ ಹೊಡೆಯುವುದು, ಕಂಬಕ್ಕೆ ಕಟ್ಟಿ ಊರೆಲ್ಲ ಸೇರಿ ಬಡಿಯುವುದು ರಕ್ಷಣೆ ಅಲ್ಲ, ಅಪರಾಧ. ಕಳ್ಳ ಜಾಮೀನಿನ ಮೇಲೆ ಆಚೆ ಬಂದಿರುತ್ತಾನೆ, ಹೊಡೆದವರು ಕೋರ್ಟಿಗೆ ಅಲೆಯುತ್ತಿರುತ್ತಾರೆ.

ಇದೆಲ್ಲ ಗೊತ್ತಿಲ್ಲದಿದ್ದರೂ ಅಜ್ಜಿ ಕಾನೂನಿನ ಒಳಗೇ ಇದ್ದಳು. ಅವನು ಹೋಗುವುದೇ ನಮಗೆ ಬೇಕಾದದ್ದು ಅಂದಮೇಲೆ ಹೊಡೆಯುವ ಪ್ರಶ್ನೆಯೇ ಬರುವುದಿಲ್ಲ.

ಈಗ ಕಳ್ಳ ಹೆಂಚು ಸರಿಸುವುದಿಲ್ಲ

ಅವ್ವನ ಮನೆಗೆ ಈಗ ಇನ್ನೊಂದು ಕಿಂಡಿ ಆಗಿದೆ. ಅದನ್ನು ಕೊಡಿಸಿದವನು ನಾನೇ, ಅವಳ ಸ್ಮಾರ್ಟ್‌ಫೋನ್. ಬ್ಯಾಂಕಿನ ಖಾತೆ, ಪಿಂಚಣಿ, ಕೊಬ್ಬರಿ ಮಾರಿದ ದುಡ್ಡು ಎಲ್ಲ ಅದರೊಳಗೇ ಇವೆ. ಅಲ್ಲಿಗೆ ಬರುವ ಕಳ್ಳ ಕತ್ತಲಲ್ಲಿ ಬರುವುದಿಲ್ಲ. ಹಾಡಹಗಲೇ ಪೊಲೀಸ್ ಯೂನಿಫಾರ್ಮ್ ಹಾಕಿಕೊಂಡು ವಿಡಿಯೊ ಕಾಲ್‌ನಲ್ಲಿ ಬರುತ್ತಾನೆ.

ಇದಕ್ಕೊಂದು ನಿಜವಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ನರೇಂದ್ರ ಮೋದಿ 'ಡಿಜಿಟಲ್ ಅರೆಸ್ಟ್' ಮೋಸದ ಬಗ್ಗೆ ಮಾತಾಡುತ್ತಾ ಒಂದು ರೆಕಾರ್ಡಿಂಗ್ ಕೇಳಿಸಿದರು. ಅದು ವಿಜಯಪುರದ ಒಬ್ಬರಿಗೆ ಬಂದ ಕಾಲ್. ಆ ಕಡೆ ಪೊಲೀಸ್ ವೇಷದವನು ಆಧಾರ್ ಕೇಳುತ್ತಾನೆ, ಹೇಳಿಕೆ ಕೊಡು ಅನ್ನುತ್ತಾನೆ. ಈ ಕಡೆಯವರು ವಿನಯವಾಗಿ ಸರ್ ಸರ್ ಅನ್ನುತ್ತಲೇ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದರು. ಮೋಸ ಮಾಡಲು ಬಂದವನ ಮುಖ, ಮಾತು, ಪಟ್ಟು ಎಲ್ಲ ಇಡೀ ದೇಶಕ್ಕೆ ಪಾಠವಾಯಿತು. ಅದಾದ ಮೇಲೆ ಪ್ರಧಾನಿ ಹೇಳಿದ ಮೂರು ಹೆಜ್ಜೆಗಳು: ನಿಲ್ಲಿ, ಯೋಚಿಸಿ, ಆಮೇಲೆ ಕ್ರಮ ಕೈಗೊಳ್ಳಿ.

ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ವಿಡಿಯೊ ಕಾಲ್‌ನಲ್ಲಿ ಯಾವ ಪೊಲೀಸರೂ ಯಾರನ್ನೂ ಬಂಧಿಸುವುದಿಲ್ಲ. ಆದರೂ ಓದಿದವರೇ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಅವನು ಮೊದಲು ಕದಿಯುವುದು ದುಡ್ಡನ್ನಲ್ಲ, ನಮ್ಮ ಸಮಯವನ್ನು. "ಫೋನ್ ಇಡಬೇಡಿ, ರೂಮಿನ ಬಾಗಿಲು ಹಾಕಿಕೊಳ್ಳಿ, ಮನೆಯವರಿಗೂ ಹೇಳಬೇಡಿ" ಅನ್ನುವುದೇ ಅವನ ಕನ್ನಗತ್ತಿ. ಯೋಚನೆಗೆ ಒಂದು ನಿಮಿಷ ಬಿಟ್ಟರೆ ಅವನ ಆಟ ಮುಗಿಯಿತು.

ಅದಕ್ಕೇ ಅವ್ವನಿಗೆ ನಾನು ಹೇಳಿಕೊಟ್ಟಿರುವ ನಿಯಮ ಒಂದೇ ಸಾಲಿನದು: ಯಾರಿಗೂ ಹೇಳಬೇಡ ಅಂತ ಯಾರಾದರೂ ಅಂದರೆ, ಮೊದಲು ಪಕ್ಕದ ಮನೆಗೆ ಹೋಗಿ ಹೇಳು. ದುಡ್ಡು ಹೋಗಿಯೇಬಿಟ್ಟರೆ ನಾಚಿಕೆ ಪಡುತ್ತಾ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಹೇಳುತ್ತೇವೋ ದುಡ್ಡು ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ತಂಬಿಗೆ, ರಂಗೋಲಿ, 112

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಹಳೇ ಗಾದೆ. ಹಾಗಾಗಬಾರದು ಅಂತ ಹೋದ ದೀಪಾವಳಿಗೆ ಊರಿಗೆ ಹೋದಾಗ ಅವ್ವ, ನಾನು ಕೂತು ಮನೆಯ ಕಿಂಡಿಗಳನ್ನು ಒಂದೊಂದಾಗಿ ನೋಡಿದೆವು. ನಾನು ಲ್ಯಾಪ್‌ಟಾಪ್‌ನಲ್ಲಿ ಪಟ್ಟಿ ಮಾಡಿದೆ, ಅವ್ವ ಮನೆ ತುಂಬ ನಡೆದು ತೋರಿಸಿದಳು. ಅವಳ ಪಟ್ಟಿ ನನ್ನದಕ್ಕಿಂತ ಉದ್ದ ಇತ್ತು. ಯಾವ ಕಿಟಕಿಯ ಸರಳು ಅಲ್ಲಾಡುತ್ತದೆ, ಬಚ್ಚಲ ಮನೆಯ ಯಾವ ಮೂಲೆಯಿಂದ ಮಾಡಿಗೆ ಕಾಲಿಡಬಹುದು, ತೆಂಗಿನ ಮರ ಯಾವ ಕಡೆ ಬಾಗಿದೆ ಎಲ್ಲ ಅವಳಿಗೆ ಗೊತ್ತು. ಆಮೇಲೆ ಮಾಡಿಕೊಂಡ ಏರ್ಪಾಡು ಇದು. ನಿಮ್ಮ ಮನೆಗೂ ಹೊಂದಬಹುದು.

ಹಿತ್ತಲ ಬಾಗಿಲಿಗೆ ಅವ್ವ ಮಲಗುವ ಮುಂಚೆ ಒಂದು ಹಿತ್ತಾಳೆ ತಂಬಿಗೆ ಒರಗಿಸಿ ಇಡುತ್ತಾಳೆ, ಅದರ ಮೇಲೊಂದು ಲೋಟ. ಬಾಗಿಲು ಅಲುಗಿದರೆ ಊರೇ ಏಳುವಷ್ಟು ಸದ್ದು. ನಾನು ಹಾಕಿಸಿದ ಕ್ಯಾಮೆರಾಕ್ಕೆ ಕರೆಂಟ್ ಬೇಕು, ನೆಟ್ ಬೇಕು. ತಂಬಿಗೆಗೆ ಎರಡೂ ಬೇಡ. ಎರಡೂ ಇರಲಿ ಅಂತ ಇಬ್ಬರೂ ಒಪ್ಪಿದ್ದೇವೆ.

ಮಲಗುವ ಕೋಣೆಗೆ ಒಳಗಿನಿಂದ ಗಟ್ಟಿಯಾದ ಅಗುಳಿ ಹಾಕಿಸಿದೆವು. ಯಾರಾದರೂ ಒಳಗೆ ಬಂದೇಬಿಟ್ಟರೆ ಹೊರಗೆ ಹೋಗಿ ನೋಡುವ ಹಾಗಿಲ್ಲ. ಅಗುಳಿ ಹಾಕು, ಒಳಗಿನಿಂದಲೇ ಲೈಟ್ ಹಾಕು, ಜೋರಾಗಿ ಮಾತಾಡು, 112ಕ್ಕೆ ಫೋನ್ ಮಾಡು. ಹೊರಗಿನ ಸಾಮಾನು ಹೋದರೆ ಹೋಗಲಿ. ಅವನು ಎದುರಿಗೇ ಬಂದು ನಿಂತರೆ ಕೇಳಿದ್ದನ್ನು ಕೊಟ್ಟುಬಿಡು, ಬಾಗಿಲಿಗೆ ಅಡ್ಡ ನಿಲ್ಲಬೇಡ.

112ಕ್ಕೆ ಫೋನ್ ಮಾಡಿದಾಗ ಮೊದಲ ವಾಕ್ಯ ಏನಿರಬೇಕು ಅಂತ ಅಭ್ಯಾಸ ಮಾಡಿಸಿದೆ. ಹೆದರಿದಾಗ ನಾವು "ಅಯ್ಯೋ ಬೇಗ ಬನ್ನಿ" ಅಂತ ಶುರು ಮಾಡುತ್ತೇವೆ, ಎಲ್ಲಿಗೆ ಅಂತ ಹೇಳುವಷ್ಟರಲ್ಲಿ ಲೈನ್ ಕಟ್ ಆಗಬಹುದು. ಆದ್ದರಿಂದ ಊರು ಮೊದಲು: "ಮತ್ತೋಡು, ಹೊಸದುರ್ಗ ತಾಲ್ಲೂಕು", ಆಮೇಲೆ ಮನೆಯ ಗುರುತು, ಆಮೇಲೆ ವಿಷಯ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೇವೆ.

112ಕ್ಕಿಂತ ಮೊದಲು ಬರುವವರು ಪಕ್ಕದ ಮನೆಯವರು. ಆ ಮನೆಯ ಅಕ್ಕನ ನಂಬರನ್ನು ಒಂದೇ ಒತ್ತಿಗೆ ಹೋಗುವ ಹಾಗೆ ಇಟ್ಟೆ. ಅವರಿಬ್ಬರ ನಡುವೆ ಒಂದು ಸಂಕೇತವೂ ಆಗಿದೆ. ಅವ್ವ ಫೋನಿನಲ್ಲಿ "ಹೆಪ್ಪಿಗೆ ಮೊಸರು ಐತಾ?" ಅಂತ ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದರೆ ಏನೋ ಸರಿ ಇಲ್ಲ ಅಂತ ಅರ್ಥ. ಎದುರಿಗೆ ಯಾರೇ ನಿಂತಿದ್ದರೂ ಇಷ್ಟನ್ನು ಕೇಳಬಹುದು. ಪಕ್ಕಾ ಅಜ್ಜಿಯ ಎಮ್ಮೆಯ ತಂಗಿ!

ಅವ್ವ ನಾಲ್ಕು ದಿನ ನನ್ನ ಹತ್ತಿರ ಬರುವುದಾದರೆ ಬಾಗಿಲ ಮುಂದೆ ರಂಗೋಲಿ ಹಾಕುವ ಕೆಲಸವೂ ಆ ಅಕ್ಕನದೇ. ಊರಲ್ಲಿ ಮನೆ ಖಾಲಿ ಅಂತ ಸಾರಿ ಹೇಳುವುದು ಬೀಗಕ್ಕಿಂತ ಮೊದಲು ಸಾರಿಸದ ಅಂಗಳ. ಬೆಂಗಳೂರಿನವರಾದರೆ ಇದೇ ಮಾತು ಬಾಗಿಲಲ್ಲಿ ಬಿದ್ದ ಪೇಪರಿಗೆ, ಹಾಲಿನ ಪ್ಯಾಕೆಟ್ಟಿಗೆ, ಮತ್ತು ಏರ್‌ಪೋರ್ಟಿನಿಂದ ಹಾಕುವ ಇನ್‌ಸ್ಟಾಗ್ರಾಮ್ ಸ್ಟೋರಿಗೆ ಸಲ್ಲುತ್ತದೆ. ಫೋಟೊ ವಾಪಸ್ ಬಂದ ಮೇಲೂ ಹಾಕಬಹುದು, ಲೈಕ್ ಕಡಿಮೆ ಆಗುವುದಿಲ್ಲ. ಹೆಚ್ಚು ದಿನ ಬೀಗ ಹಾಕಿ ಹೋಗುವವರು ಸ್ಟೇಷನ್ನಿಗೊಂದು ಮಾತು ತಿಳಿಸಿ ಹೋಗುವುದು ಒಳ್ಳೆಯದು.

ಒಡವೆಗಳ ಫೋಟೊ, ಬಿಲ್ಲು ಎಲ್ಲ ಒಂದು ಕಡೆ ಇರಲಿ. ಮತ್ತು ಕಳ್ಳತನ ಆಗಿಯೇಹೋಗಿದ್ದರೆ ಮನೆ ಗುಡಿಸಲು ಹೋಗಬೇಡಿ, ಬೀರು ಮುಟ್ಟಬೇಡಿ. ಬೆರಳಚ್ಚು ಇರುವುದು ಅಲ್ಲೇ. ನಮ್ಮ ಹೆಂಗಸರಿಗೆ ಚೆಲ್ಲಾಪಿಲ್ಲಿಯಾದ ಮನೆ ನೋಡಿಕೊಂಡು ಸುಮ್ಮನಿರುವುದು ಕಷ್ಟ, ಆದರೂ ಪೊಲೀಸರು ಬರುವವರೆಗೆ ಹಾಗೇ ಬಿಡಬೇಕು.

ಕ್ಯಾಮೆರಾಕ್ಕೆ ಗೊತ್ತಿಲ್ಲದ್ದು

ಇದನ್ನೆಲ್ಲ ಮಾಡಿದ ಮೇಲೆ ನನಗೆ ಪೂರ್ತಿ ನಿದ್ದೆ ಬರುತ್ತಿದೆ ಅಂತ ಹೇಳಲಾರೆ. ನೂರಾರು ಕಿಲೋಮೀಟರ್ ದೂರದಿಂದ ಫೋನಿನ ಸ್ಕ್ರೀನಿನಲ್ಲಿ ಕಪ್ಪುಬಿಳುಪು ಹಿತ್ತಲು ಕಾಣುತ್ತದೆ. ಬೆಕ್ಕು ಓಡಿದರೂ ಅಲರ್ಟ್ ಬರುತ್ತದೆ. ಆ ಚಿತ್ರದಲ್ಲಿ ಎಲ್ಲ ಇದೆ, ಆದರೆ ಯಾವ ಸದ್ದು ದಿನದ್ದು, ಯಾವ ಸದ್ದು ಹೊಸದು ಅನ್ನುವುದು ಇಲ್ಲ. ಅದು ಅಲ್ಲಿ ಬದುಕುವವರಿಗೆ ಮಾತ್ರ ಗೊತ್ತು.

ನಮ್ಮ ಪೀಳಿಗೆಗೆ ಕಷ್ಟ ಇರುವುದು ಇಲ್ಲೇ ಅನ್ನಿಸುತ್ತದೆ. ಅಪಾರ್ಟ್‌ಮೆಂಟಿನ ಗೇಟಿಗೆ ಆ್ಯಪ್ ಇದೆ, ಬಾಗಿಲಿಗೆ ಬೆರಳಚ್ಚಿನ ಬೀಗ ಇದೆ, ಎದುರು ಫ್ಲ್ಯಾಟಿನಲ್ಲಿ ಇರುವವರ ಹೆಸರು ಗೊತ್ತಿಲ್ಲ. ರಾತ್ರಿ ಎರಡು ಗಂಟೆಗೆ ನಾನು "ಹೆಪ್ಪಿಗೆ ಮೊಸರು ಇದೆಯಾ" ಅಂತ ಕೇಳಲು ಈ ಕಟ್ಟಡದಲ್ಲಿ ಒಂದು ನಂಬರ್ ನನ್ನ ಹತ್ತಿರ ಇರಲಿಲ್ಲ. ಹೋದ ತಿಂಗಳು ಎದುರು ಮನೆಯ ಅಂಕಲ್ ಹತ್ತಿರ ಹೋಗಿ ಪರಿಚಯ ಮಾಡಿಕೊಂಡು ನಂಬರ್ ತಂದೆ. ಅವರೂ ಇದಕ್ಕೇ ಕಾಯುತ್ತಿದ್ದವರ ಹಾಗೆ ತಮ್ಮ ಮಗಳ ನಂಬರನ್ನೂ ಬರೆದುಕೊಟ್ಟರು. ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳಂತೆ. "ನಮಗೆ ಏನಾದರೂ ಆದರೆ ಅವಳಿಗೆ ಒಂದು ಫೋನ್ ಮಾಡಪ್ಪ" ಅಂದರು.

ಮುಂದಿನ ಸಲ ಊರಿಗೆ ಹೋದಾಗ ನೀವೂ ಅಪ್ಪ ಅಮ್ಮನ ಜತೆ ಮನೆಯನ್ನು ಒಂದು ಸುತ್ತು ಹಾಕಿ. ನೀವು ತೋರಿಸಬೇಡಿ, ಅವರು ತೋರಿಸಲಿ. ನಿಮ್ಮ ಮನೆಯಲ್ಲೂ ಯಾರೋ ಒಬ್ಬ ಅಜ್ಜಿ ಯಾವುದೋ ರಾತ್ರಿ ಯಾವುದೋ ಎಮ್ಮೆಯನ್ನು ಕೂಗಿರುತ್ತಾಳೆ. ಆ ಕಥೆ ಕೇಳಿಸಿಕೊಂಡು ಬನ್ನಿ, ಬರುವಾಗ ಪಕ್ಕದ ಮನೆಯವರ ನಂಬರನ್ನೂ ತನ್ನಿ.